ಗಿರಾಕಿ ನಡೆದು ಬರುತ್ತಾಳೆ, ದಾರಿ ಬಿಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಾಚಕರ ಪತ್ರಗಳಲ್ಲಿ ನಮ್ಮ ಬೆಳಗಾವಿ ಪೇಟೆಯ ವ್ಯಾಪಾರಸ್ಥರೊಬ್ಬರು ಬರೆದದ್ದನ್ನು ಓದಿದೆ. ಖಡೇಬಜಾರ್, ಗಣಪತ ಗಲ್ಲಿ ಕಡೆ ಕಾರು ನಿಲ್ಲಿಸಲು ಜಾಗ ಮಾಡಿಕೊಡದಿದ್ದರೆ ಇನ್ನು ಹತ್ತು ವರ್ಷದಲ್ಲಿ ಪೇಟೆಯ ಬಾಗಿಲು ಮುಚ್ಚುತ್ತದೆ ಎಂದು ಅವರು ಬರೆದಿದ್ದರು. ಅವರ ಚಿಂತೆ ನನ್ನದೂ ಹೌದು. ನಾನೂ ಖಡೇಬಜಾರಿನವಳೇ. 26 ವರ್ಷದಿಂದ ನಾನು, ನಮ್ಮ ಯಜಮಾನರು ಸೇರಿ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದೇವೆ. ಬ್ಲೌಸ್ ಪೀಸ್, ಅಸ್ತರ, ಫಾಲ್ಸ್, ಪೆಟಿಕೋಟ್, ಲೇಸು, ದಾರ, ಗುಂಡಿ ಇವೇ ನಮ್ಮ ಮಾಲು. ಆದರೆ ಅವರು ಹೇಳಿದ ಮದ್ದನ್ನು ನಾನು ಒಪ್ಪುವುದಿಲ್ಲ. ಆ ಮದ್ದು ಕುಡಿದ ಊರನ್ನು ಐದು ತಿಂಗಳು ಕಣ್ಣಾರೆ ನೋಡಿ ಬಂದಿದ್ದೇನೆ.

ನನ್ನ ಮಗಳು, ಅಳಿಯ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು 2023ರ ಸೆಪ್ಟೆಂಬರ್‌ನಲ್ಲಿ ಹೋದವಳು 2024ರ ಫೆಬ್ರುವರಿಯಲ್ಲಿ ವಾಪಸ್ ಬಂದೆ. ಲೀಡ್ಸ್ ಸಣ್ಣ ಊರಲ್ಲ. ಎಂಟು ಲಕ್ಷ ಜನ ಇದ್ದಾರೆ. ಒಂದು ಕಾಲಕ್ಕೆ ಉಣ್ಣೆ ಬಟ್ಟೆಗೆ, ಆಮೇಲೆ ಸಿದ್ಧ ಉಡುಪಿಗೆ ಹೆಸರಾದ ಊರು. ಬಟ್ಟೆ ವ್ಯಾಪಾರದವಳಾದ ನನಗೆ ಅಷ್ಟು ಕೇಳಿಯೇ ಖುಷಿಯಾಗಿತ್ತು. ದೊಡ್ಡ ಪೇಟೆ ನೋಡಬಹುದು ಅಂದುಕೊಂಡೇ ಹೋಗಿದ್ದೆ.

ಮಗಳ ಮನೆ ಊರಿನ ಅಂಚಿನಲ್ಲಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪೇಟೆ ಬೀದಿ. ಅಲ್ಲಿಯವರು ಅದಕ್ಕೆ ಹೈ ಸ್ಟ್ರೀಟ್ ಅನ್ನುತ್ತಾರೆ. ನಮ್ಮಲ್ಲಿ ಪೇಟೆಗೆ ಹೋಗಿ ಬರ್ತೀನಿ ಅಂತೀವಲ್ಲ, ಹಾಗೆಯೇ. ಕೂಸಿಗೆ ಒಂದೂವರೆ ತಿಂಗಳಾದ ಮೇಲೆ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ದಿನಾ ಹನ್ನೊಂದು ಗಂಟೆಗೆ ಆ ಬೀದಿಗೆ ಹೋಗುತ್ತಿದ್ದೆ. ಮಗಳಿಗೆ ಒಂದು ಗಂಟೆ ನಿದ್ದೆ ಸಿಗಲಿ ಅಂತ.

ನಲವತ್ತು ಅಂಗಡಿ ಇರಬಹುದು. ಮೊದಲ ದಿನ ನಾನು ಇವತ್ತು ಏನೋ ರಜೆ ಇರಬೇಕು ಅಂದುಕೊಂಡೆ. ಎರಡನೇ ದಿನವೂ ಹಾಗೇ. ಮೂರನೇ ದಿನ ಗೊತ್ತಾಯಿತು, ಶಟರ್ ಇಳಿಸಿದ ಅಂಗಡಿಗಳು ಮತ್ತೆ ಏಳುವವಲ್ಲ. ಒಂದರ ಗಾಜಿನ ಹಿಂದೆ ಬಾಗಿಲ ಸಂದಿಯಿಂದ ಒಳಗೆ ಬಿದ್ದ ಟಪಾಲು ಮೊಣಕಾಲೆತ್ತರ ಗುಡ್ಡೆಯಾಗಿತ್ತು. ಇನ್ನೊಂದರ ಹೆಸರಿನ ಫಲಕ ಕಿತ್ತು ಹಾಕಿದ್ದರು, ಆದರೆ ಅಕ್ಷರ ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಮಾಸದೆ ಉಳಿದಿತ್ತು. ಹಾಗಾಗಿ ಹೆಸರು ಇನ್ನೂ ಓದಲು ಬರುತ್ತಿತ್ತು. ಅಂಗಡಿ ಇಟ್ಟವರಿಗೆ ಅದನ್ನು ನೋಡಿದರೆ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ನಿಮ್ಮ ಓದುಗರಲ್ಲಿ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ.

ತೆರೆದಿದ್ದ ಅಂಗಡಿಗಳು ಯಾವುವು? ಕ್ಷೌರದಂಗಡಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿ, ಜೂಜಿನ ಪಣ ಕಟ್ಟುವ ಅಂಗಡಿ, ಹೊಗೆ ಎಳೆಯುವ ವೇಪ್ ಅಂಗಡಿ. ಮತ್ತೆ ದತ್ತಿ ಸಂಸ್ಥೆಗಳು ಹಳೆಯ ಬಟ್ಟೆ, ಪಾತ್ರೆ ಮಾರುವ ಅಂಗಡಿ. ಇವು ಯಾಕೆ ಇಷ್ಟೊಂದು ಇವೆ ಎಂದು ಅಳಿಯನನ್ನು ಕೇಳಿದೆ. ಅಲ್ಲಿ ಅಂಗಡಿ ಕಟ್ಟಡದ ಮೇಲೆ ಬಿಸಿನೆಸ್ ರೇಟ್ಸ್ ಎಂಬ ತೆರಿಗೆ ಇದೆ, ಅದು ವ್ಯಾಪಾರ ಆಗಲಿ ಬಿಡಲಿ ಕಟ್ಟಲೇಬೇಕು, ದತ್ತಿ ಸಂಸ್ಥೆಗಳಿಗೆ ಮಾತ್ರ ಅದರಲ್ಲಿ 80 ಶೇಕಡ ಮಾಫಿ ಎಂದ. ಸಣ್ಣವರಿಗೂ ಒಂದಿಷ್ಟು ರಿಯಾಯಿತಿ ಇದೆಯಂತೆ. ನಡುವಿನವರು ಮಾತ್ರ ಸಿಕ್ಕಿಬೀಳುತ್ತಾರೆ.

ನಾನು ಹೋದ ಹೊಸತರಲ್ಲೇ ವಿಲ್ಕೋ ಮುಳುಗಿತು. ಮನೆಗೆ ಬೇಕಾದ ಬಕೆಟ್, ಮೊಳೆ, ಪೇಂಟು, ಹೂಕುಂಡ ಎಲ್ಲ ಸಿಗುತ್ತಿದ್ದ ಅಂಗಡಿ ಅದು. 1930ರಲ್ಲಿ ಲೆಸ್ಟರ್‌ನಲ್ಲಿ ಒಂದೇ ಅಂಗಡಿಯಾಗಿ ಶುರುವಾಗಿ 400 ಅಂಗಡಿಯವರೆಗೆ ಬೆಳೆದಿತ್ತು. 2023ರ ಅಕ್ಟೋಬರ್‌ನಲ್ಲಿ ಎಲ್ಲವೂ ಮುಚ್ಚಿದವು. ಕೊನೆಯ ದಿನಗಳಲ್ಲಿ ಮಗಳ ಜೊತೆ ಒಂದು ಅಂಗಡಿಗೆ ಹೋಗಿದ್ದೆ. ಮಾಲು ಖಾಲಿಯಾಗಿತ್ತು. ಕಪಾಟುಗಳಿಗೇ ಬೆಲೆ ಚೀಟಿ ಅಂಟಿಸಿದ್ದರು. ಗಲ್ಲೆಯಲ್ಲಿ ನನ್ನ ವಯಸ್ಸಿನ ಹೆಂಗಸು ನಿಂತಿದ್ದಳು. ತಾನು ನಿಂತ ಜಾಗವನ್ನೇ ಮಾರುತ್ತಿದ್ದಳು. ಇದಕ್ಕೂ ಮೊದಲು ವೂಲ್‌ವರ್ತ್ಸ್ ಎಂಬ ಅಂಗಡಿ 2009ರ ಜನವರಿ ಹೊತ್ತಿಗೆ ಸುಮಾರು 800 ಕಡೆ ಬಾಗಿಲು ಹಾಕಿತ್ತು. 2016ರಲ್ಲಿ ಬಿಎಚ್‌ಎಸ್, 2021ರಲ್ಲಿ 200 ವರ್ಷ ದಾಟಿದ ಡೆಬೆನ್‌ಹ್ಯಾಮ್ಸ್ ಎಂಬ ದೊಡ್ಡ ಅಂಗಡಿಗಳೂ ಮುಚ್ಚಿದವು. ಅಂದರೆ ಅಲ್ಲಿ ಮುಚ್ಚಿದ್ದು ನಮ್ಮಂಥ ಸಣ್ಣವರು ಮಾತ್ರ ಅಲ್ಲ.

ಆನ್‌ಲೈನ್ ಬಂದದ್ದಕ್ಕೆ ಹೀಗಾಯಿತು ಎಂದು ನೀವು ಹೇಳಬಹುದು. ಹೌದು, ಅದೂ ಇದೆ. ಈಗ ಅಲ್ಲಿ ಚಿಲ್ಲರೆ ವ್ಯಾಪಾರದ ಕಾಲು ಭಾಗಕ್ಕಿಂತ ಜಾಸ್ತಿ ಆನ್‌ಲೈನ್‌ನಲ್ಲೇ ನಡೆಯುತ್ತದೆ. ಆದರೆ ಪೇಟೆ ಸೊರಗಲು ಶುರುವಾದದ್ದು ಮೊಬೈಲ್ ಬರುವುದಕ್ಕೆ ಬಹಳ ಮುಂಚೆ. ಅದನ್ನು ನಾನು ಒಂದು ಭಾನುವಾರ ಕಾರಿನಲ್ಲಿ ಕುಳಿತೇ ನೋಡಿದೆ.

ಅಳಿಯ ಊರಿನ ದಕ್ಷಿಣಕ್ಕಿರುವ ವೈಟ್ ರೋಸ್ ಎಂಬ ಮಾಲ್‌ಗೆ ಕರೆದುಕೊಂಡು ಹೋದ. 1997ರಲ್ಲಿ ತೆರೆದದ್ದು. ಕಣ್ಣು ಹಾಯಿಸಿದಷ್ಟು ದೂರ ಕಾರುಗಳು. ಪಾರ್ಕಿಂಗ್ ಪುಕ್ಕಟೆ. ಒಳಗೆ ಬಿಸಿಗಾಳಿ, ಮೇಲೆ ಸೂರು, ಮಳೆಯ ಚಿಂತೆ ಇಲ್ಲ. ಪಕ್ಕದ ಶೆಫೀಲ್ಡ್ ಊರಿನಲ್ಲಿ ಇಂಥದ್ದೇ ಮೆಡೋಹಾಲ್ 1990ರಲ್ಲೇ ಬಂದಿತ್ತು, ಅದೂ ಉಕ್ಕಿನ ಕಾರ್ಖಾನೆ ಇದ್ದ ಜಾಗದಲ್ಲಿ. ಈಗ ನೀವೇ ಯೋಚಿಸಿ. ಕಾರು ಇದ್ದವರಿಗೆ ಊರೊಳಗಿನ ಪೇಟೆ ಹೇಗೆ ಸಾಟಿಯಾದೀತು? ಮಾಲ್ ಬರುವ ಮುಂಚೆಯೇ ಪೇಟೆಯವರೂ ಪಾರ್ಕಿಂಗ್ ಕೊಟ್ಟು ನೋಡಿದ್ದರು. ರಸ್ತೆ ಅಗಲ ಮಾಡಿದರು. ಹಳೆಯ ಮನೆಗಳನ್ನು ಕೆಡವಿದರು. 1959ರ ನವೆಂಬರ್‌ನಲ್ಲಿ ಲೀಡ್ಸ್‌ನ ಕೊನೆಯ ಟ್ರಾಮ್ ಓಡಿತು, ಆಮೇಲೆ ಹಳಿ ಕಿತ್ತರು. ಊರಿನ ನಡುಭಾಗದ ಅಂಚಿಗೇ ವೇಗದ ಹೆದ್ದಾರಿ, ಅಂದರೆ ಮೋಟರ್‌ವೇ ತಂದರು. ಎಪ್ಪತ್ತರ ದಶಕದ ಮೋಟರ್‌ವೇ ನಗರ ಎಂದು ಊರು ತನ್ನ ಬಗ್ಗೆ ತಾನೇ ಹೆಮ್ಮೆಯಿಂದ ಸಾರಿಕೊಳ್ಳುತ್ತಿತ್ತು. ಕಾರಿಗೆ ಎಷ್ಟೇ ಜಾಗ ಕೊಟ್ಟರೂ ಊರೊಳಗಿನ ಗಲ್ಲಿ ಊರಾಚೆಯ ಮೈದಾನ ಆಗುವುದಿಲ್ಲ. ಹೋಗಿದ್ದು ನಡೆದು ಬರುವವರ ದಾರಿ ಮಾತ್ರ.

ಕಿತ್ತ ಟ್ರಾಮ್ ಮತ್ತೆ ಬರಲಿಲ್ಲ. ಸೂಪರ್‌ಟ್ರಾಮ್ ಅಂತ ಯೋಜನೆ ಮಾಡಿದರು, 2005ರಲ್ಲಿ ಸರ್ಕಾರ ದುಡ್ಡಿಲ್ಲ ಎಂದು ಕೈಬಿಟ್ಟಿತು. ಆಮೇಲೆ ತಂತಿಯ ಮೇಲೆ ಓಡುವ ಟ್ರಾಲಿಬಸ್ ಅಂದರು, 2016ರಲ್ಲಿ ಅದೂ ಹೋಯಿತು. ಕೀಳಲು ಒಂದು ತಿಂಗಳು ಸಾಕು, ಮತ್ತೆ ಹಾಕಲು 60 ವರ್ಷ ಆದರೂ ಆಗಿಲ್ಲ. ಇದನ್ನು ನಾನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಇನ್ನೂ ಕಿತ್ತಿಲ್ಲ. ಬೆಳಗಾವಿಗೆ ಟ್ರಾಮ್ ಇರಲಿಲ್ಲ ನಿಜ, ಆದರೆ ನಡೆದು ಬರುವ ಗಿರಾಕಿ, ಬಸ್ಸಿನಲ್ಲಿ ಬರುವ ಗಿರಾಕಿ ನಮಗಿನ್ನೂ ಇದ್ದಾಳೆ.

ಬಸ್ಸಿನ ಕತೆಯೂ ಅಲ್ಲಿ ಹಾಗೇ. 1986ರ ಅಕ್ಟೋಬರ್‌ನಿಂದ ಲಂಡನ್ ಬಿಟ್ಟು ಇಂಗ್ಲೆಂಡಿನ ಉಳಿದೆಲ್ಲ ಕಡೆ ಬಸ್ಸನ್ನು ಖಾಸಗಿ ಕಂಪನಿಗಳ ಇಷ್ಟಕ್ಕೆ ಬಿಟ್ಟರು. ಲಾಭ ಇದ್ದ ದಾರಿಯಲ್ಲಿ ಓಡಿಸಿದರು, ಇಲ್ಲದಿದ್ದಲ್ಲಿ ನಿಲ್ಲಿಸಿದರು. ನಾನಿದ್ದಾಗ ಒಂದು ಸಲಕ್ಕೆ 2 ಪೌಂಡ್‌ಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಎಂದು ಸರ್ಕಾರ ಮಿತಿ ಹಾಕಿತ್ತು. ಆದರೂ ನಮ್ಮ ಲೆಕ್ಕಕ್ಕೆ ಅದು 200 ರೂಪಾಯಿಗಿಂತ ಮೇಲೆ. ಕೂಸಿನ ಗಾಡಿ ಹಿಡಿದು ಗಾಳಿಯಲ್ಲಿ ನಿಂತು ಬಾರದ ಬಸ್ಸಿಗೆ ಕಾದದ್ದು ನನಗೆ ಇವತ್ತಿಗೂ ನೆನಪಿದೆ. ಮ್ಯಾಂಚೆಸ್ಟರ್‌ನವರು ಮಾತ್ರ ಗಟ್ಟಿ ಮನಸ್ಸು ಮಾಡಿ 2023ರಿಂದ ಹಂತಹಂತವಾಗಿ ಬಸ್ಸುಗಳ ಹಿಡಿತವನ್ನು ವಾಪಸ್ ತಮ್ಮ ಕೈಗೆ ತೆಗೆದುಕೊಂಡರು. 2025ರ ಜನವರಿಯಲ್ಲಿ ಅದು ಮುಗಿಯಿತು. ಎಲ್ಲವೂ ಒಂದೇ ಹಳದಿ ಬಣ್ಣ, ಒಂದೇ ಟಿಕೆಟ್ಟಿನ ಲೆಕ್ಕ. ಸುಮಾರು 40 ವರ್ಷದ ಮೇಲೆ.

ಇಷ್ಟೆಲ್ಲ ಹೇಳಿ ಅಲ್ಲಿ ಒಳ್ಳೆಯದೇ ಇಲ್ಲ ಅಂದರೆ ತಪ್ಪಾಗುತ್ತದೆ. ಜೀವ ಇರುವ ಪೇಟೆಯನ್ನೂ ನೋಡಿದೆ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಮಗಳು ಉಡಬೇಕಾದ ಸೀರೆಯ ಫಾಲ್ಸ್ ಒಂದು ಮೊಳ ಬಿಚ್ಚಿಕೊಂಡಿತ್ತು. ಸೀರೆ ರಾಮಾ ಗ್ರೀನ್. ಅದಕ್ಕೊಪ್ಪುವ ದಾರ ಬೇಕು. ಊರಿಂದ ಬರುವಾಗ ಎಲ್ಲ ತಂದಿದ್ದೆ, ದಾರ ಮಾತ್ರ ಮರೆತಿದ್ದೆ. ಮನೆ ಹತ್ತಿರದ ಬೀದಿಯಲ್ಲಿ ಇಡೀ ಮುಂಜಾನೆ ಅಲೆದೆ. ಒಂದು ದಾರದ ಉಂಡೆ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ತರಿಸೋಣ ಅವ್ವಾ ಅಂದಳು ಮಗಳು. ಮೊಬೈಲ್ ಪರದೆ ಮೇಲೆ ರಾಮಾ ಗ್ರೀನ್ ಹೇಗೆ ಗುರುತು ಹಿಡಿಯುವುದು? ಒಂದು ಮೊಬೈಲಿನಲ್ಲಿ ನೀಲಿ ಕಂಡರೆ ಇನ್ನೊಂದರಲ್ಲಿ ಹಸಿರು ಕಾಣುತ್ತದೆ. 26 ವರ್ಷ ನಾನು ಮಾಡಿದ್ದೇ ಆ ಕೆಲಸ, ನನಗೆ ಗೊತ್ತು.

ಕೊನೆಗೆ ಬಸ್ ಹತ್ತಿ ಊರ ನಡುವಿನ ಕರ್ಕ್‌ಗೇಟ್ ಮಾರ್ಕೆಟ್‌ಗೆ ಹೋದೆವು. ಬಸ್ ಸ್ಟ್ಯಾಂಡ್‌ಗೆ ಅಂಟಿಕೊಂಡೇ ಇದೆ ಆ ಮಾರುಕಟ್ಟೆ. ಬಸ್ ಇಳಿದು ಹತ್ತು ಹೆಜ್ಜೆ ನಡೆದರೆ ಒಳಗೆ ಕಾಲಿಡುತ್ತೀರಿ. ಮೀನು, ಮಾಂಸ, ತರಕಾರಿ, ಚಪ್ಪಲಿ ರಿಪೇರಿ, ಗಡಿಯಾರದ ಬೆಲ್ಟು, ಬಟ್ಟೆ ತುಂಡು. ನಮ್ಮವರು, ಆಫ್ರಿಕಾದವರು, ಪೋಲೆಂಡಿನವರು ಎಲ್ಲರ ಮಾತೂ ಕಿವಿಗೆ ಬೀಳುತ್ತಿತ್ತು. ಮೂರು ತಿಂಗಳ ಮೇಲೆ ಮೊದಲ ಸಲ ನನಗೆ ಪೇಟೆಗೆ ಬಂದ ಹಾಗಾಯಿತು. ಈಗ ಜಗತ್ತಿಗೆಲ್ಲ ಗೊತ್ತಿರುವ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಹುಟ್ಟಿದ್ದೂ ಅಲ್ಲೇ. 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬ ವಲಸೆ ಬಂದ ಯಹೂದಿ ಅಲ್ಲೊಂದು ಮಳಿಗೆ ಹಾಕಿ, ಬೆಲೆ ಕೇಳಬೇಡಿ, ಒಂದು ಪೆನ್ನಿ ಎಂದು ಬೋರ್ಡು ಇಟ್ಟಿದ್ದನಂತೆ. ನಮ್ಮ ಜಾತ್ರೆಯಲ್ಲಿ ಯಾವುದು ತಗೊಂಡರೂ ಹತ್ತು ರೂಪಾಯಿ ಅಂತ ಕೂಗುತ್ತಾರಲ್ಲ, ಅದೇ.

ದಾರದ ಮಳಿಗೆಯಲ್ಲಿ ಒಬ್ಬಳು ವಯಸ್ಸಾದ ಹೆಂಗಸು. ಸೀರೆಯ ಅಂಚು ತೋರಿಸಿದೆ. ಅವಳು ನನ್ನ ಇಂಗ್ಲಿಷಿಗೆ ಕಾಯಲೇ ಇಲ್ಲ. ಮೂರು ಉಂಡೆ ತೆಗೆದಳು. ಒಂದೊಂದರ ಎಳೆ ಬಿಚ್ಚಿ ಬಟ್ಟೆಯ ಮೇಲೆ ಉದ್ದಕ್ಕೆ ಹರಡಿದಳು. ತಲೆ ಅಲ್ಲಾಡಿಸಿದಳು. ಆಮೇಲೆ ಸೆರಗಿನ ತುದಿ ಹಿಡಿದುಕೊಂಡು, ಬಾ ಅಂತ ನನಗೆ ಸನ್ನೆ ಮಾಡಿ, ಬೆಳಕು ಬೀಳುವ ಬಾಗಿಲವರೆಗೆ ಹೋದಳು. ದೀಪದ ಕೆಳಗೆ ಬಣ್ಣ ಸುಳ್ಳು ಹೇಳುತ್ತದೆ, ಬಿಸಿಲಿಗೆ ಹಿಡಿಯಬೇಕು. ಇದು ನನಗೆ ನಮ್ಮ ಅತ್ತೆ ಕಲಿಸಿದ್ದು. ಅಲ್ಲಿ ಸಾವಿರಾರು ಮೈಲು ದೂರದಲ್ಲಿ ಅವಳಿಗೂ ಯಾರೋ ಅದನ್ನೇ ಕಲಿಸಿದ್ದಾರೆ. ಎರಡನೇ ಉಂಡೆ ಒಪ್ಪಿತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಮಗಳು ಗಾಬರಿಯಾದಳು.

ವ್ಯಾಪಾರ ಹೇಗಿದೆ ಎಂದು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೇಳಿದೆ. ಬಸ್ ಪಾಸಿನವರು ಇರುವ ತನಕ ತೊಂದರೆ ಇಲ್ಲ ಅಂದಳು. ಇಂಗ್ಲೆಂಡಿನಲ್ಲಿ 2008ರಿಂದ ವಯಸ್ಸಾದವರಿಗೆ ಯಾವ ಊರಿನ ಬಸ್ಸಿನಲ್ಲಾದರೂ ಪುಕ್ಕಟೆ ಓಡಾಟ. ಮುಂಜಾನೆ ಒಂಬತ್ತೂವರೆ ಆದ ಮೇಲೆ. ಹತ್ತು ಗಂಟೆಗೆ ಮಾರ್ಕೆಟ್ ತುಂಬುವುದು ಅದಕ್ಕೇ. ನನಗೆ ಆ ಮಾತು ಕೇಳಿ ಥಟ್ ಅಂತ ನಮ್ಮ ಬೆಳಗಾವಿ ಬಸ್ ಸ್ಟ್ಯಾಂಡ್ ಸಿಬಿಟಿ ನೆನಪಾಯಿತು.

ನಾಟಿಂಗ್‌ಹ್ಯಾಮ್‌ಗೂ ಒಂದು ದಿನ ಹೋಗಿದ್ದೆವು. ಅಳಿಯನ ಗೆಳೆಯರು ಅಲ್ಲಿದ್ದಾರೆ. ಅಲ್ಲಿ 2004ರಲ್ಲಿ ಟ್ರಾಮ್ ಮತ್ತೆ ತಂದಿದ್ದಾರೆ, 2015ರಲ್ಲಿ ಇನ್ನೆರಡು ದಾರಿಗೆ ಹಿಗ್ಗಿಸಿದ್ದಾರೆ. ಚೌಕದ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಮೆಟ್ಟಿಲು ಹತ್ತುವ ಕೆಲಸ ಇಲ್ಲ, ಕೂಸಿನ ಗಾಡಿ ಸೀದಾ ಒಳಗೆ ಉರುಳಿತು. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು. 2012ರಿಂದ ಆ ಊರಿನಲ್ಲಿ ಕೆಲಸಗಾರರಿಗಾಗಿ 11 ಅಥವಾ ಅದಕ್ಕಿಂತ ಜಾಸ್ತಿ ಕಾರಿನ ಜಾಗ ಇಟ್ಟುಕೊಂಡ ಕಂಪನಿಗಳು ಒಂದೊಂದು ಜಾಗಕ್ಕೂ ವರ್ಷಕ್ಕಿಷ್ಟು ಎಂದು ಕರ ಕಟ್ಟಬೇಕು. ಆ ದುಡ್ಡು ಟ್ರಾಮಿಗೆ, ಬಸ್ಸಿಗೆ ಹೋಗುತ್ತದೆ. ಆ ಊರಿನಲ್ಲೂ ಎಲ್ಲ ಸರಿಯಿದೆ ಅಂತಲ್ಲ. ಬ್ರಾಡ್‌ಮಾರ್ಷ್ ಎಂಬ ಹಳೆಯ ಮಾಲ್ ಅರ್ಧ ಕೆಡವಿದ ಹಾಗೇ ನಿಂತಿತ್ತು, ಯಾಕೆಂದರೆ ಕೆಲಸ ನಡೆಯುತ್ತಿದ್ದಾಗಲೇ 2020ರಲ್ಲಿ ಕಂಪನಿ ಮುಳುಗಿತ್ತು. ನಾನಿದ್ದಾಗಲೇ ಅಲ್ಲಿನ ನಗರಾಡಳಿತವೂ ಖರ್ಚಿಗೆ ದುಡ್ಡು ಸಾಲುವುದಿಲ್ಲ ಎಂದು ಘೋಷಿಸಿತು. ಆದರೂ ಚೌಕದಲ್ಲಿ ಜನ ಇದ್ದರು. ಸುಮ್ಮನೆ ಕುಳಿತವರು, ಕೈಯಲ್ಲಿ ಚೀಲ ಹಿಡಿದವರು, ಕಾಲೇಜು ಹುಡುಗರು. ಜನ ಇದ್ದರೆ ಅಂಗಡಿಗೆ ಆಸೆ ಇರುತ್ತದೆ.

ಈಗ ನಮ್ಮ ಊರಿಗೆ ಬರುತ್ತೇನೆ.

ಖಡೇಬಜಾರಿನ ನಮ್ಮ ಅಂಗಡಿಗೆ ಯಾರು ಬರುತ್ತಾರೆ? ಖಾನಾಪುರ, ಬೈಲಹೊಂಗಲ, ಹುಕ್ಕೇರಿ, ಆಚೆ ಚಂದಗಡದಿಂದ ಹೆಣ್ಣುಮಕ್ಕಳು. ಮದುವೆ ಸೀಸನ್‌ನಲ್ಲಿ ಇಡೀ ಮನೆತನವೇ ಬರುತ್ತದೆ. ಮರಾಠಿ ಮಂದಿ ಅದಕ್ಕೆ ಬಸ್ತಾ ಅನ್ನುತ್ತಾರೆ, ನಾವು ಮದುವೆ ಜವಳಿ ಅನ್ನುತ್ತೇವೆ. ಒಂದು ಅಂಗಡಿಯಲ್ಲಿ ಸೀರೆ, ನಮ್ಮಲ್ಲಿ ಬ್ಲೌಸ್ ಪೀಸು, ಪಾಂಗುಳ ಗಲ್ಲಿಯಲ್ಲಿ ಬಳೆ, ಇನ್ನೊಂದು ಕಡೆ ಪಾತ್ರೆ, ಕೊನೆಗೆ ಕುಂದಾ ಕಟ್ಟಿಸಿಕೊಂಡು ಊರಿಗೆ. ಇದು ಒಂದು ಕಡೆ ಕಾರು ನಿಲ್ಲಿಸಿ ಒಂದು ಅಂಗಡಿ ಹೊಕ್ಕು ಹೊರಬರುವ ವ್ಯಾಪಾರ ಅಲ್ಲ. ಗಲ್ಲಿಯಿಂದ ಗಲ್ಲಿಗೆ ನಡೆಯುವ ವ್ಯಾಪಾರ. ನಡೆಯುವಾಗಲೇ ಕಣ್ಣು ಇನ್ನೊಂದು ಅಂಗಡಿಗೆ ಬೀಳುತ್ತದೆ. ನಮ್ಮಂಥ ಸಣ್ಣ ಅಂಗಡಿ ಬದುಕುವುದೇ ಆ ಕಣ್ಣಿನಿಂದ.

2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದಾಗಿನಿಂದ ನನ್ನ ಅಂಗಡಿಯಲ್ಲಿ ಒಂದು ಬದಲಾವಣೆ ಕಂಡಿದ್ದೇನೆ. ಮೊದಲು ಹೆಣ್ಣುಮಕ್ಕಳು ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಮನೆಯ ಗಂಡಸರ ಜೊತೆ ಬರುತ್ತಿದ್ದರು. ಈಗ ವಾರದ ನಡುವೆ, ಇಬ್ಬರು ಮೂವರು ಗೆಳತಿಯರು ಕೂಡಿ ಬರುತ್ತಾರೆ. ಎರಡು ಮೀಟರ್ ಅಸ್ತರಕ್ಕಾಗಿಯೂ ಬರುತ್ತಾರೆ. ಅವಸರ ಮಾಡುವವರು ಜೊತೆಗಿಲ್ಲ. ನಿಂತು ಹತ್ತು ಬಣ್ಣ ತೆಗೆಸಿ ನೋಡುತ್ತಾರೆ. ಆ ಯೋಜನೆಯ ಖರ್ಚಿನ ಬಗ್ಗೆ ಬೇರೆಯವರು ಏನು ಬೇಕಾದರೂ ಹೇಳಲಿ, ನಮ್ಮ ಗಲ್ಲೆಗೆ ಅದು ಬಂದದ್ದು ನಾನು ನೋಡಿದ್ದೇನೆ.

ಆದರೆ ಬಸ್ ಇಳಿದ ಮೇಲೆ? ಬಸ್ ಸ್ಟ್ಯಾಂಡಿನಿಂದ ನಮ್ಮ ಪೇಟೆಗೆ ಬಹಳ ದೂರ ಇಲ್ಲ. ಆದರೆ ಬಿಸಿಲಲ್ಲಿ, ಚೀಲ ಹೊತ್ತು, ಗಾಡಿಗಳ ನಡುವೆ ನುಸುಳಿ ಬರಬೇಕು. ಫುಟ್‌ಪಾತ್ ಇದ್ದಲ್ಲಿ ಅದರ ಮೇಲೆ ಬೈಕು ನಿಂತಿರುತ್ತದೆ.

ಹೋದ ದೀಪಾವಳಿ ಮುಂಚಿನ ವಾರ ನಡೆದದ್ದು ಹೇಳುತ್ತೇನೆ. ಬೈಲಹೊಂಗಲ ಕಡೆಯ ಒಬ್ಬ ಅಜ್ಜಿ, ಇಳಕಲ್ ಸೀರೆ ಉಟ್ಟವರು, ಮೊಮ್ಮಗಳ ಜೊತೆ ನಮ್ಮ ಅಂಗಡಿಗೆ ಬರುತ್ತಿದ್ದರು. ನಮ್ಮ ಬಾಗಿಲ ಎದುರಿಗೇ ಒಂದು ಕಾರು ರಿವರ್ಸ್ ತೆಗೆದುಕೊಳ್ಳುತ್ತಾ ಬಂತು. ಅಜ್ಜಿ ಪಕ್ಕಕ್ಕೆ ಸರಿಯಲು ಹೋದರು. ಪಕ್ಕದಲ್ಲಿ ಸಾಲಾಗಿ ಸ್ಕೂಟರ್‌ಗಳು. ಸರಿಯಲು ಜಾಗವಿಲ್ಲ. ಗಟಾರದ ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕು ಬಿದ್ದರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಪಾದ ಊದಿಕೊಂಡಿತು. ನಾವು ಒಳಗೆ ಕರೆದು ಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟೆವು. ಕಾರಿನವರು ಗಾಜು ಇಳಿಸಿ ಒಂದು ಸಲ ನೋಡಿ ಹೋದರು. ಅಜ್ಜಿ ಸ್ವಲ್ಪ ಹೊತ್ತು ಕುಳಿತು, ಸುತ್ತ ಗಂಡಸರು ಇಲ್ಲದ್ದು ನೋಡಿಕೊಂಡು, ಮೆಲ್ಲಗೆ ಕೇಳಿದರು: "ಅಕ್ಕಾರ, ಇಲ್ಲೆ ಎಲ್ಲೆರ ಹೆಣ್ಣಮಕ್ಕಳು ಹೋಗಾಕ ಜಾಗಾ ಐತೇನ್ರೀ?"

ಮುಂಜಾನೆ ಏಳಕ್ಕೆ ಮನೆ ಬಿಟ್ಟವರು ಅವರು. ಮಧ್ಯಾಹ್ನ ಎರಡಾಗಿತ್ತು. ನಮ್ಮ ಅಂಗಡಿ ಹಿಂದಿನ ಮನೆಯವರು ಒಳ್ಳೆಯವರು, ಅವರ ಮನೆಗೆ ಕಳಿಸಿದೆ. ಆದರೆ ಎಷ್ಟು ಜನರನ್ನು ಕಳಿಸಲಿ? ಪೇಟೆಗೆ ಬರುವ ದಿನ ನೀರೇ ಕುಡಿಯುವುದಿಲ್ಲ ಎಂದು ನನ್ನ ಗಿರಾಕಿಗಳು ನನ್ನ ಮುಂದೆ ಹೇಳಿದ್ದಾರೆ. ಪಾರ್ಕಿಂಗ್ ಬಗ್ಗೆ ಬರೆಯುವ ನಾವು ಇದರ ಬಗ್ಗೆ ಯಾಕೆ ಬರೆಯುವುದಿಲ್ಲ? ಕಾರು ಒಂದು ಗಂಟೆ ನಿಲ್ಲಲು ಜಾಗ ಹುಡುಕುತ್ತೇವೆ. ಏಳು ಗಂಟೆ ತಡೆದುಕೊಂಡು ಬಂದ ಹೆಣ್ಣುಮಗಳಿಗೆ ಎರಡು ನಿಮಿಷದ ಜಾಗ ಹುಡುಕುವುದಿಲ್ಲ.

ಅಜ್ಜಿ ಹೋದ ಮೇಲೆ ನಾನು ಹೊರಗೆ ಬಂದು ಆ ಸ್ಕೂಟರ್‌ಗಳ ಸಾಲು ನೋಡಿದೆ. ಮೊದಲನೆಯದು ನಮ್ಮದು. ಎರಡನೆಯದು ಪಕ್ಕದ ಅಂಗಡಿಯವರದು. ಮೂರನೆಯದು ನಮ್ಮಲ್ಲಿ ಕೆಲಸ ಮಾಡುವ ಹುಡುಗನದು. ನಾಲ್ಕನೆಯದು ಎದುರಿನ ಅಂಗಡಿಯವರದು. ಮುಂಜಾನೆ ಹತ್ತಕ್ಕೆ ನಿಲ್ಲಿಸಿದರೆ ರಾತ್ರಿ ಒಂಬತ್ತಕ್ಕೆ ತೆಗೆಯುವುದು. ಗಿರಾಕಿಗೆ ಜಾಗ ಇಲ್ಲ ಅಂತ ನಾವು ಗೋಳಾಡುತ್ತೇವೆ, ಜಾಗ ಹಿಡಿದವರು ನಾವೇ. ನನಗೆ ಆ ದಿನ ನಿಜಕ್ಕೂ ನಾಚಿಕೆಯಾಯಿತು. ಮರುದಿನದಿಂದ ನಮ್ಮ ಯಜಮಾನರು ಸ್ಕೂಟರನ್ನು ದೂರ ನಿಲ್ಲಿಸಿ ನಡೆದು ಬರುತ್ತಿದ್ದಾರೆ. ಮೊದಲು ಎರಡು ದಿನ ಸಿಟ್ಟು ಮಾಡಿದರು. ಈಗ ರೂಢಿಯಾಗಿದೆ. ಖಾಲಿಯಾದ ಜಾಗದಲ್ಲಿ ಎರಡು ಸ್ಟೂಲ್ ಇಟ್ಟಿದ್ದೇನೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರಲ್ಲಿ ಪೇಟೆ ಬೀದಿಯ ಅಂಗಡಿಯವರನ್ನು, ನಿಮ್ಮ ಗಿರಾಕಿಗಳಲ್ಲಿ ಎಷ್ಟು ಜನ ಕಾರಿನಲ್ಲಿ ಬರುತ್ತಾರೆ ಎಂದು ಕೇಳಿದ್ದರು. 100ಕ್ಕೆ 41 ಅಂದರು ಅಂಗಡಿಯವರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕ ಲೆಕ್ಕ 22. ಮಗಳು ಇದನ್ನು ಓದಿ ಹೇಳಿದಾಗ ನನಗೂ ನೋಡಬೇಕು ಅನ್ನಿಸಿತು. ಗಲ್ಲೆಯ ಪಕ್ಕ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಬಿಲ್ ಮಾಡುವಾಗ ಹೇಗೆ ಬಂದ್ರಿ ಅಂತ ಕೇಳುವುದು, ಒಂದು ಗೆರೆ ಎಳೆಯುವುದು. ಬಸ್ಸಿನ ಕಾಲಂ ಎರಡನೇ ದಿನಕ್ಕೇ ಪುಟ ತುಂಬಿತು. ಆಮೇಲೆ ಬೈಕು, ಆಟೊ, ನಡಿಗೆ. ಕಾರಿನ ಕಾಲಂನಲ್ಲಿ ವಾರಕ್ಕೆ ಬೆರಳೆಣಿಕೆಯಷ್ಟು ಗೆರೆ. ಕಾರಿನವರು ಬಂದಾಗ ಹೊರಗೆ ಹಾರ್ನು, ಗದ್ದಲ, ಇಡೀ ಗಲ್ಲಿಗೆ ಗೊತ್ತಾಗುತ್ತದೆ. ಬಸ್ಸಿನಲ್ಲಿ ಬಂದವಳು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಾಳೆ. ಅದಕ್ಕೇ ನಮ್ಮ ಲೆಕ್ಕ ತಪ್ಪುತ್ತದೆ ಅನ್ನಿಸುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಬಸ್ ಸ್ಟ್ಯಾಂಡಿನಿಂದ ಪೇಟೆಯ ಸುತ್ತ ಒಂದು ಸಣ್ಣ ಬಸ್ ಓಡಲಿ. ಚನ್ನಮ್ಮ ವೃತ್ತ, ಕಾಕತಿವೇಸ್, ಶನಿವಾರ ಖೂಟ, ಹೀಗೆ ಸುತ್ತಿ ಮತ್ತೆ ಬಸ್ ಸ್ಟ್ಯಾಂಡಿಗೆ. ದೊಡ್ಡ ಬಸ್ಸು ನಮ್ಮ ಗಲ್ಲಿಗೆ ಹಿಡಿಸುವುದಿಲ್ಲ, ಬೇಕಾಗಿಯೂ ಇಲ್ಲ. ಹತ್ತು ಹದಿನೈದು ನಿಮಿಷಕ್ಕೊಂದು ಬರುತ್ತದೆ ಎಂಬ ಭರವಸೆ ಇರಬೇಕು, ಅಷ್ಟೇ. ಹನ್ನೊಂದರಿಂದ ಸಂಜೆ ಏಳರವರೆಗೆ ಖಡೇಬಜಾರ್, ಗಣಪತ ಗಲ್ಲಿಯೊಳಗೆ ಕಾರು ಬೇಡ. ಮಾಲು ಇಳಿಸುವ ಟೆಂಪೊಗಳು ಮುಂಜಾನೆ ಬಂದು ಹೋಗಲಿ. ರವಿವಾರ ಪೇಟೆಯ ಹೋಲ್‌ಸೇಲ್ ವ್ಯವಹಾರ ಬೇರೆ, ಅಲ್ಲಿ ಗಾಡಿ ಬೇಕೇ ಬೇಕು, ಅದನ್ನು ನಾನು ಬಲ್ಲೆ. ಕಾರಿನಲ್ಲಿ ಬರುವವರು ಬಾಪಟ್ ಗಲ್ಲಿಯಂಥ ಕಡೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಲಿ. ವಯಸ್ಸಾದವರಿಗೆ, ಅಂಗವಿಕಲರಿಗೆ ಆಟೊ ಒಳಗೆ ಬಿಡಲೇಬೇಕು. ಮತ್ತೆ ಹೆಣ್ಣುಮಕ್ಕಳ ಶೌಚಾಲಯ. ಎಲ್ಲಕ್ಕಿಂತ ಮೊದಲು ಅದೇ ಆಗಲಿ. ನೀರು, ಬೆಳಕು, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಕಾಯಲು ಒಬ್ಬ ಹೆಂಗಸು.

ಕಾರು ಬಂದ್ ಮಾಡಿದರೆ ವ್ಯಾಪಾರ ಬೀಳುತ್ತದೆ ಎಂಬ ಹೆದರಿಕೆ ಇರುತ್ತದೆ. ಗಲ್ಲೆಯ ಮುಂದೆ ಕುಳಿತವರಿಗೆ ಹೆದರಿಕೆ ಸಹಜ, ಸಾಲ ಕಟ್ಟುವವರು ನಾವು. ಆದರೆ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಲಂಡನ್ ಸ್ಟ್ರೀಟ್ ಎಂಬ ಪೇಟೆ ಬೀದಿಯಿಂದ 1967ರಲ್ಲೇ ಗಾಡಿಗಳನ್ನು ಹೊರಗಿಟ್ಟರು. ಇವತ್ತಿಗೂ ಅದು ನಡೆದಾಡುವವರ ಬೀದಿಯಾಗಿಯೇ ಇದೆ. ನಮ್ಮಲ್ಲೂ ಗಣೇಶನ ಹಬ್ಬದ ದಿನಗಳಲ್ಲಿ ಗಾಡಿ ಬಂದ್ ಮಾಡುತ್ತಾರಲ್ಲ, ಆಗ ಗಲ್ಲಿಯಲ್ಲಿ ಎಷ್ಟು ಜನ ಇರುತ್ತಾರೆ ಎಂದು ನಾವೆಲ್ಲ ನೋಡಿದ್ದೇವೆ. ಆ ದಿನಗಳಲ್ಲಿ ನಮ್ಮ ಯಾರ ವ್ಯಾಪಾರವೂ ಕೆಟ್ಟಿಲ್ಲ, ಅಲ್ವಾ?

ಇನ್ನೊಂದು ಮಾತು. ಲೀಡ್ಸ್‌ನ ಆ ಬೀದಿಯಲ್ಲಿ ಸಂಜೆ ನಾಲ್ಕಕ್ಕೆ ಕತ್ತಲಾದರೆ ಮೇಲಿನ ಮಹಡಿಗಳಲ್ಲಿ ಒಂದೂ ದೀಪ ಇರುತ್ತಿರಲಿಲ್ಲ. ಕೆಳಗೆ ಮುಚ್ಚಿದ ಅಂಗಡಿ, ಮೇಲೆ ಖಾಲಿ ಕೋಣೆ. ನಮ್ಮ ಪೇಟೆಯಲ್ಲಿ ಇನ್ನೂ ಕೆಳಗೆ ಅಂಗಡಿ, ಮೇಲೆ ಮನೆ ಇದೆ. ರಾತ್ರಿ ಒಗ್ಗರಣೆ ವಾಸನೆ ಬರುತ್ತದೆ, ಮಕ್ಕಳು ಮಗ್ಗಿ ಹೇಳುವುದು ಕೇಳುತ್ತದೆ. ಆದರೆ ಈಚೆಗೆ ಒಂದೊಂದೇ ಮನೆ ಗೋಡೌನ್ ಆಗುತ್ತಿದೆ. ಗದ್ದಲ, ಹೊಗೆ, ಮಕ್ಕಳು ಆಡಲು ಜಾಗ ಇಲ್ಲ ಎಂದು ಜನ ಟಿಳಕವಾಡಿ ಕಡೆ, ಇನ್ನೂ ಆಚೆಯ ಲೇಔಟ್‌ಗಳಿಗೆ ಹೋಗುತ್ತಿದ್ದಾರೆ. ಹೋದವರು ಕಾರು ಕೊಳ್ಳುತ್ತಾರೆ. ಕಾರು ಕೊಂಡವರಿಗೆ ಊರಾಚೆಯ ದೊಡ್ಡ ಅಂಗಡಿಯೇ ಹತ್ತಿರ. ನಾನು ಅಲ್ಲಿ ನೋಡಿದ ದಾರಿಯೇ ಇದು.

ಪತ್ರ ಬರೆದ ಆ ವ್ಯಾಪಾರಸ್ಥ ಅಣ್ಣನವರಿಗೆ ನನ್ನ ಕೋರಿಕೆ ಇಷ್ಟೇ. ನೀವೂ ಒಂದು ವಾರ ನಿಮ್ಮ ಗಲ್ಲೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ಬಂದವರನ್ನೆಲ್ಲ ಕೇಳಿ ಗೆರೆ ಎಳೆಯಿರಿ. ಆಮೇಲೆ ನಮ್ಮ ಅಂಗಡಿಗೆ ಬನ್ನಿ. ಶನಿವಾರ ಖೂಟದ ಕಡೆಯಿಂದ ಬಂದರೆ ಹೊರಗೆ ಎರಡು ಸ್ಟೂಲ್ ಕಾಣುತ್ತವೆ, ಅದೇ ನಮ್ಮದು. ಚಹಾ ಕುಡಿಯುತ್ತಾ ಎರಡೂ ನೋಟ್‌ಬುಕ್ ಎದುರಿಗಿಟ್ಟುಕೊಂಡು ನೋಡೋಣ. ನಿಮ್ಮ ಕಾಲಂನಲ್ಲಿ ಕಾರು ಜಾಸ್ತಿ ಇದ್ದರೆ ನಾನು ಮತ್ತೆ ಯೋಚನೆ ಮಾಡುತ್ತೇನೆ. ಬಸ್ಸು, ನಡಿಗೆ ಜಾಸ್ತಿ ಇದ್ದರೆ ಶೌಚಾಲಯದ ಅರ್ಜಿಗೆ ಮೊದಲ ಸಹಿ ನಿಮ್ಮದಾಗಲಿ. ಅರ್ಜಿ ಬರೆದಿಟ್ಟಿದ್ದೇನೆ.

ಇತಿ ನಿಮ್ಮ ಓದುಗಾರ್ತಿ,
ಮ್ಯಾಚಿಂಗ್ ಸೆಂಟರ್‌ನವಳು,
ಖಡೇಬಜಾರ್, ಬೆಳಗಾವಿ